ಗದ್ದೆಯ ಹಸಿರಿಗೆ ಮ್ಯಾಚಿಂಗ್

ಹಸಿರು ಅಂದರೆ ಒಂದೇ ಬಣ್ಣ ಎಂದು ನಂಬಿರುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಎಷ್ಟು ನೆಮ್ಮದಿಯ ಜೀವಗಳು! ನಮ್ಮ ಯಜಮಾನರು ಆ ಪೈಕಿ. ನಾನೋ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದ ಸಿಸ್ಟರ್, ಹುಲ್ಲಿಗೂ ಮಾವಿನೆಲೆಗೂ ಒಂದೇ ಹಸಿರು ಬಳಿದರೆ ನಗುನಗುತ್ತಲೇ ಪುಟ ವಾಪಸ್ ಕೊಡುತ್ತಿದ್ದರು. ಹಾಗೆ ಕೆಟ್ಟ ಕಣ್ಣು ಇವತ್ತಿಗೂ ಸರಿಹೋಗಿಲ್ಲ. ಬೇಲೂರಿನ ಬಟ್ಟೆ ಅಂಗಡಿಯಲ್ಲಿ ಬ್ಲೌಸ್ ಪೀಸನ್ನು ಹೊರಗೆ ಬಿಸಿಲಿಗೆ ತಂದು ಹಿಡಿಯದೆ ನಾನು ಒಪ್ಪಿದ್ದೇ ಇಲ್ಲ. ಹಳೇಬೀಡಿನ ನಮ್ಮ ಬೀದಿಯ ಹೆಂಗಸರೆಲ್ಲ ಮ್ಯಾಚಿಂಗ್‌ಗೆ ನನ್ನನ್ನೇ ಕರೆದೊಯ್ಯುತ್ತಾರೆ.

ಈ ಖ್ಯಾತಿಯೇ ನನ್ನನ್ನು ಗದ್ದೆಗಿಳಿಸಿತು. ಕೆರೆಯ ಕೆಳಗಿನ ನಮ್ಮ ಗದ್ದೆಗೆ ಹೋದ ಸಲ ಯೂರಿಯಾ ಜಾಸ್ತಿಯಾಗಿ, ಪೈರು ಸೊಕ್ಕಿ ಬೆಳೆದು, ತೆನೆ ತುಂಬುವ ಹೊತ್ತಿಗೆ ಚಾಪೆ ಹಾಸಿದಂತೆ ಮಲಗಿಬಿಟ್ಟಿತ್ತು. ಈ ಸಲವೂ ಮಲಗಿದರೆ ಗದ್ದೆಯಿಟ್ಟುಕೊಂಡು ಅಂಗಡಿ ಅಕ್ಕಿ ಉಣ್ಣಬೇಕು. ಅದಕ್ಕೇ ಯಜಮಾನರು ಕೃಷಿ ಕಚೇರಿಯ ಸಭೆಗೆ ಹೋಗಿ ಒಂದು ಪ್ಲಾಸ್ಟಿಕ್ ಪಟ್ಟಿ ತಂದರು. ಅದರ ಮೇಲೆ ತೆಳುವಿನಿಂದ ಗಾಢದವರೆಗೆ ಸಾಲಾಗಿ ಹಸಿರುಗಳು. ಭತ್ತದ ಎಲೆಯನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಗುರುತು ಹಾಕಿದ ಹಸಿರಿಗಿಂತ ತೆಳುವಾಗಿದ್ದರೆ ಮಾತ್ರ ಯೂರಿಯಾ. "ಇದು ನಿನ್ನ ಡಿಪಾರ್ಟ್‌ಮೆಂಟು ಕಣೇ, ನಂಗೆಲ್ಲಾ ಒಂದೇ ಥರ ಕಾಣುತ್ತೆ," ಎಂದು ನನ್ನ ಕೈಗಿಟ್ಟರು.

ನಮ್ಮತ್ತೆಗೆ ಆ ಪಟ್ಟಿ ಕಂಡರಾಗದು. ಗದ್ದೆ ಇರುವುದು ಹಗರೆಗೆ ಹೋಗುವ ರಸ್ತೆಯ ಪಕ್ಕ. "ಪಕ್ಕದೋರ ಗದ್ದೆ ಹೆಂಗೆ ಕರ್ರಗೈತೆ ನೋಡು! ನಮ್ದು ಕಾಮಾಲೆ ಬಂದಂಗೈತೆ. ಬಸ್ಸಲ್ಲಿ ಹೋಗೋ ಬೀಗರು ಏನಂದ್ಕೊಂತಾರೆ?"

ಆ ಬೆಳಿಗ್ಗೆ ಗದ್ದೆಯ ನೀರು ಬಸಿದಾಗಿತ್ತು. ಗೊಬ್ಬರ ಎರಚಲು ಬಂದಿದ್ದ ಚಂದ್ರ ಯೂರಿಯಾ ತುಂಬಿದ ಬುಟ್ಟಿ ಹಿಡಿದು ಕಾಯುತ್ತಿದ್ದ. ಅತ್ತೆಯೂ ಯಜಮಾನರೂ ಜೊತೆಗೆ ಬಂದಿದ್ದರು. ನಾನು ಸೀರೆ ಎತ್ತಿ ಸಿಕ್ಕಿಸಿ, ಬದುವಿನ ಮೇಲೆ ನಿಂತು, ಅಭ್ಯಾಸಬಲದಿಂದ ಎಲೆಯನ್ನೂ ಪಟ್ಟಿಯನ್ನೂ ಬಿಸಿಲಿಗೆ ಹಿಡಿದೆ. ಎಲೆ ತೆಳು. "ಹಾಕಪ್ಪಾ," ಎಂದೆ. ಅತ್ತೆಯ ಮುಖ ಅರಳಿತು. ಏನು ನೋಡುತ್ತಾಳೋ ಇವಳು ಎಂದು ಕುತೂಹಲದಿಂದ ಬಗ್ಗಿದರು. ಅವರ ನೆರಳು ಪಟ್ಟಿಯ ಮೇಲೆ ಬಿತ್ತು. ನೋಡುತ್ತೇನೆ, ಎಲೆ ಗಾಢ!

"ನಿಲ್ಲಿಸು, ನಿಲ್ಲಿಸು! ಅತ್ತೆ, ಸ್ವಲ್ಪ ಸರೀರಿ." ತೆಳು. "ಈಗ ಬನ್ನಿ." ಗಾಢ. "ಸರೀರಿ."

"ನಾನೇನು ಕರೆಂಟಿನ ಸ್ವಿಚ್ಚೇನೇ?"

"ರೀ, ಬಿಸಿಲಲ್ಲಿ ನೋಡ್ಬೇಕಾ, ನೆರಳಲ್ಲಾ? ಸಭೇಲಿ ಹೇಳಿರ್ಬೇಕಲ್ಲ?"

"ಹೇಳಿರ್ತಾರೆ," ಎಂದರು ಯಜಮಾನರು. "ಆಗ್ಲೇ ಬೋಂಡಾ ಬಂತು."

ಅಧಿಕಾರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಮೂವರೂ ನನ್ನ ಮುಖ ನೋಡುತ್ತಿದ್ದಾರೆ. ಹಾಕಿದರೆ ಮಲಗೀತು, ಹಾಕದಿದ್ದರೆ ಸೊರಗೀತು. ಬ್ಲೌಸ್ ಪೀಸಾದರೆ ಬದಲಾಯಿಸಿಕೊಂಡು ಬರಬಹುದು; ಎರಚಿದ ಯೂರಿಯಾ ಹೆಕ್ಕುವುದು ಹೇಗೆ? ತೋಚದೆ, "ಒಂದು ವಾರ ಬಿಟ್ಟು ನೋಡೋಣ," ಎಂದುಬಿಟ್ಟೆ. ಚಂದ್ರ ಬುಟ್ಟಿ ಇಳಿಸಿದ. ಅತ್ತೆ ಸೆರಗು ಕೊಡವಿ ಮನೆ ಕಡೆ ನಡೆದರು. ಆ ವಾರವೆಲ್ಲ ಹುರುಳಿಕಾಯಿ ಮುರಿಯುವಾಗಲೂ ಅದನ್ನು ಒಮ್ಮೆ ಬಿಸಿಲಿಗೆ, ಒಮ್ಮೆ ನೆರಳಿಗೆ ಹಿಡಿದು ನೋಡುತ್ತಿದ್ದೆ.

ಕೊನೆಗೆ ಫೋನಿಗೆ ಸಿಕ್ಕ ಅಧಿಕಾರಿ, "ನೆರಳಲ್ಲೇ ನೋಡ್ಬೇಕಮ್ಮ, ಬಿಸಿಲಲ್ಲಿ ಎಲೆ ತೆಳುವಾಗಿ ಕಾಣುತ್ತೆ. ವಾರ ಬಿಟ್ಟು ಬಿಟ್ಟು ನೋಡ್ತಿರಿ, ಅದೇ ವಿಧಾನ," ಎಂದರು. ನನ್ನ ಗೊಂದಲಕ್ಕೆ ಸರ್ಕಾರದ ಮಂಜೂರಾತಿ ಇದೆಯೆಂದು ಅಂದೇ ತಿಳಿದದ್ದು. ಆಮೇಲೆ ನೆರಳಲ್ಲೂ ಎಲೆ ತೆಳುವಾದಾಗ ಒಮ್ಮೆ ಹಾಕಿಸಿದೆವು. ಪೈರು ಕೊಯ್ಲಿನವರೆಗೂ ಎದ್ದೇ ನಿಂತಿತ್ತು.

ಈಗ ನಮ್ಮ ಜಗಲಿಗೆ ಅಕ್ಕಪಕ್ಕದವರು ಪ್ಲಾಸ್ಟಿಕ್ ಕವರಿನಲ್ಲಿ ಎಲೆ ತರುತ್ತಾರೆ. ಬರುವಷ್ಟರಲ್ಲಿ ಅದು ಬಾಡಿ ಸುರುಳಿ ಸುತ್ತಿರುತ್ತದೆ. ನಾನು ಗಂಭೀರವಾಗಿ ನೋಡಿ, "ಗಿಡದಲ್ಲೇ ಇರೋ ಎಲೆ ನೋಡ್ಬೇಕು, ವಾರ ಬಿಟ್ಟು ಬರ್ತೀನಿ," ಎನ್ನುತ್ತೇನೆ. "ನಮ್ಮ ಸೊಸೆ ಆತುರ ಬೀಳೋಳಲ್ಲ ಕಣ್ರೀ," ಎಂದು ಅತ್ತೆ ಒಳಗಿನಿಂದ ಕಾಫಿ ತರುತ್ತಾರೆ.

ಮೊನ್ನೆ ಎಲ್ಲರೂ ಹೋದ ಮೇಲೆ ಯಜಮಾನರು ಮೆಲ್ಲಗೆ ಕೇಳಿದರು: "ನಿಂಗೆ ನಿಜವಾಗ್ಲೂ ಗೊತ್ತಾಗುತ್ತೇನೇ?"

"ಒಂದು ವಾರ ಬಿಟ್ಟು ಹೇಳ್ತೀನಿ," ಎಂದೆ.