ನಮ್ಮ ಮನೆ ಪಾಲಿಗೆ ಸಾಕ್ಷಿ ಹೇಳಬೇಕಾದ ಅಂಡಾಣುವಿಗೆ

ಮಾಸೂರು, ೧೯೩೮, ಸುಗ್ಗಿ ಮುಗಿದ ವಾರ

ಮಾನ್ಯರೇ,

ತಾಯಂದಿರ ಒಡಲಲ್ಲಿ ಬಿಡಾರ ಮಾಡಿಕೊಂಡು ಸಮಸ್ತ ಮನುಷ್ಯಕುಲಕ್ಕೆ ಮೂಲವಾಗಿರುವ ತಮ್ಮ ಸನ್ನಿಧಿಗೆ, ಮದಗದ ಕೆರೆಯ ಕೆಳಗೆ ಒಕ್ಕಲುತನ ಮಾಡುವ ಹೂವಪ್ಪನ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ಹಿರಿಯಣ್ಣ ಪರಮೇಶ್ವರಪ್ಪ ಮಾತ್ರ ಸ್ವಲ್ಪ ಹೆಚ್ಚೇ ಕ್ಷೇಮವಾಗಿದ್ದಾನೆ, ಅದಕ್ಕೆ ತಾವೇ ಕಾರಣರು.

ನಮ್ಮ ತಂದೆಗೆ ನಾವು ನಾಲ್ವರು ಮಕ್ಕಳು, ನಾನು ಕೊನೆಯವನು. ತಂದೆ ತೀರಿದ ಮೇಲೆ ಗದ್ದೆಯನ್ನು ನಾಲ್ಕು ಪಾಲು ಮಾಡುವ ಮಾತು ನಡೆದಿತ್ತು. ಅಷ್ಟರಲ್ಲಿ ಹಂಸಭಾವಿಯ ಸಾಲೆಯಲ್ಲಿ ಒಬ್ಬ ಡಾಕ್ಟರರು ಬಿಳಿ ಧೋತರದ ಮೇಲೆ ದೀಪದ ಬೆಳಕಿನಿಂದ ಚಿತ್ರ ಬಿಟ್ಟು ಮನುಷ್ಯ ಹುಟ್ಟುವ ಬಗೆಯನ್ನು ವಿವರಿಸಿದರು. ಊರವರೆಲ್ಲ ನಾಚಿ ತಲೆ ತಗ್ಗಿಸಿದ್ದಾಗ ನಮ್ಮಣ್ಣನೊಬ್ಬನೇ ತಲೆಯೆತ್ತಿ ನೋಡುತ್ತಿದ್ದ. ತಮ್ಮ ಮೂಲಕಣವು ಒಡೆದು ಪಾಲಾಗುವಾಗ ವಂಶದ ಎಳೆಗಳನ್ನು ಎಲ್ಲ ಪಾಲಿಗೂ ಸರಿಸಮ ಹಂಚಿ, ತಿನ್ನುವ ದಾಸ್ತಾನನ್ನು ಮಾತ್ರ ತಾವೊಬ್ಬರೇ ಇಟ್ಟುಕೊಂಡು, ಉಳಿದ ಮೂರು ಕಣಗಳನ್ನು ಒಣಗಿ ಹೋಗಲೆಂದು ಪಕ್ಕಕ್ಕೆ ತಳ್ಳುತ್ತೀರೆಂದು ಡಾಕ್ಟರರು ಹೇಳಿದರು. ಮರುದಿನವೇ ಅಣ್ಣ ಪಂಚರ ಮುಂದೆ ನಿಂತು, “ಇದು ನಾ ಮಾಡಿದ್ದಲ್ರಿ, ಹುಟ್ಟಿಸಿದಾವ ಮಾಡಿದ್ದು. ಮನೆತನದ ಹೆಸರು ನಾಕೂ ಮಂದಿಗೆ ಸಮ ಕೊಡ್ತೇನಿ. ಗದ್ದಿ ಒಬ್ಬನ ಕಡೇನ ಇರ್ಲಿ,” ಎಂದ.

ನಾನೂ ಅದೇ ಭಾಷಣ ಕೇಳಿದವನಾದ್ದರಿಂದ ವೀರ್ಯಾಣುಗಳ ಉದಾಹರಣೆ ಕೊಟ್ಟೆ. ಗಂಡಸರಲ್ಲಿ ಒಂದು ಮೂಲಕಣ ನಾಲ್ಕಾಗಿ ಒಡೆದರೆ ನಾಲ್ಕಕ್ಕೂ ಸಮಪಾಲು, ಯಾರನ್ನೂ ತಳ್ಳುವುದಿಲ್ಲ ಎಂದು ವಾದಿಸಿದೆ. ಅಣ್ಣ ನಕ್ಕು, “ಸಮ ಹಂಚ್ಕೊಂಡು ಏನ ಉಳಿಸ್ಕೊಂಡ್ವೋ? ಮೈಮ್ಯಾಗಿನ ಮಾಂಸ ಎಲ್ಲಾ ಕಳಕೊಂಡು, ಬಾಲಾ ಬೆಳಸ್ಕೊಂಡು, ಸುರುಳಿ ನಳಗ್ಯಾಗ ವಾರಗಟ್ಲೆ ಕುಂತು ಈಜು ಕಲೀತಾವ. ನಮ್ಮನಿ ಹಂಗ ಆಗೂದು ಬ್ಯಾಡ,” ಎಂದ. ಪಂಚರು ತಲೆದೂಗಿದರು. ಅವರಲ್ಲಿ ಹಿರಿಯರಾದ ಸವಣೂರಿನ ಕಾಳಿನ ವ್ಯಾಪಾರಿ ಸಿರಾಜುದ್ದೀನ ಸಾಹೇಬರು, “ಆ ತತ್ತೀನ ಬಂದು ಬ್ಯಾರೆ ಮಾತು ಹೇಳಿದ್ರ ಮತ್ತ ಕುಂತು ವಿಚಾರ ಮಾಡೋಣು,” ಎಂದು ಎದ್ದುಬಿಟ್ಟರು. ಆದಕಾರಣ ಈ ಪತ್ರ.

ತಮ್ಮ ತಾಳ್ಮೆಯನ್ನು ಹೊಗಳದೆ ಮುಂದೆ ಹೋಗುವುದು ಕೃತಘ್ನತೆಯಾದೀತು. ತಮ್ಮ ಒಡತಿ ಇನ್ನೂ ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ತಾವು ಪಾಲಿನ ಕೆಲಸ ಶುರು ಮಾಡಿ, ನಡುವೆಯೇ ನಿಲ್ಲಿಸಿ, ಆಕೆ ಹುಟ್ಟಿ, ಆಡಿ, ಮೈನೆರೆಯುವ ತನಕ ಸುಮ್ಮನೆ ಕೂರುತ್ತೀರಿ. ಆಮೇಲೆ ತಮ್ಮವರಲ್ಲಿ ತಿಂಗಳಿಗೊಬ್ಬರಂತೆ ಎದ್ದು ಪಾಲನ್ನು ಮುಂದುವರಿಸುತ್ತೀರಿ, ಅದೂ ಕೊನೆಯ ರುಜುವನ್ನು ವೀರ್ಯಾಣು ಬಾಗಿಲಿಗೆ ಬಂದ ಹೊರತು ಹಾಕುವುದಿಲ್ಲ. ವಾದಿ ಹುಟ್ಟುವ ಮೊದಲೇ ದಾವೆ ಹೂಡಿ ಕಾಯುವ ಶಕ್ತಿ ನಮ್ಮ ಭಾಗದ ಯಾವ ವಕೀಲನಿಗೂ ಬಂದಿಲ್ಲ.

ಆದರೆ ಮಾನ್ಯರೇ, ತಾವು ಕೂಡಿಡುವುದು ಹುಟ್ಟಲಿರುವ ಕೂಸಿನ ಮೊದಲ ದಿನಗಳ ಊಟಕ್ಕೆಂದು. ನಮ್ಮಣ್ಣ ಬೆಕ್ಕಿಗೂ ಹಾಲು ಹಾಕಿದವನಲ್ಲ. ಪಂಚರ ಮಾತು ಹೀಗೇ ನಿಂತರೆ ಬರುವ ಮುಂಗಾರಿಗೆ ನಾನು ಅಪ್ಪನ ಗದ್ದೆಯಲ್ಲಿಯೇ ಕೂಲಿಗೆ ಬಗ್ಗಬೇಕು, ನನ್ನ ಹೆಂಡತಿ ಅತ್ತಿಗೆಯ ಕೈಯಿಂದ ಕಾಳು ಅಳೆಸಿಕೊಳ್ಳಬೇಕು.

ಆದ್ದರಿಂದ ತಾವು ಸೋಮವಾರ ನಮ್ಮ ಚಾವಡಿಗೆ ದಯಮಾಡಿಸಿ, ಆ ದಾಸ್ತಾನು ತಮಗಲ್ಲ, ಕೂಸಿಗೆಂದು ಪಂಚರಿಗೆ ಹೇಳಿಹೋಗಬೇಕು. ಹಿರೇಕೆರೂರಿನ ತನಕ ಚಕ್ಕಡಿ ಕಳಿಸಿದ್ದೇನೆ, ರಸ್ತೆ ಕುಲುಕುವುದರಿಂದ ಹೊಸ ಹುಲ್ಲು ಹಾಸಿಸಿದ್ದೇನೆ. ತಾವು ಸಾಸಿವೆಗಿಂತಲೂ ಸಣ್ಣವರೆಂದು ಕೇಳಿ, ತಮ್ಮ ಹತ್ತಿರ ಯಾರೂ ಸೀನಕೂಡದೆಂದು ಪಂಚರಿಗೆ ತಿಳಿಸಿದ್ದೇನೆ. ಬಿಡುವಾಗದಿದ್ದರೆ ತಾವು ತಳ್ಳಿದ ಮೂವರಲ್ಲಿ ಒಬ್ಬರನ್ನಾದರೂ ಕಳಿಸಿಕೊಡಿ, ನಾವು ಒಬ್ಬರ ಕಷ್ಟ ಒಬ್ಬರು ಬಲ್ಲೆವು.

ಪಕ್ಕಕ್ಕೆ ತಳ್ಳಲ್ಪಟ್ಟವರಲ್ಲಿ ಕಿರಿಯನಾದ,
ತಮ್ಮ ವಿಶ್ವಾಸಿ,
ಹೂವಪ್ಪ

ತಾ. ಕ.: ಶಿಗ್ಗಾಂವಿಗೆ ಕೊಟ್ಟ ನಮ್ಮಕ್ಕ ಶಿವಬಸವ್ವ ನಿನ್ನೆ ಬಂದಿದ್ದಳು. ಪತ್ರವನ್ನು ಓದಿಸಿ ಕೇಳಿ, “ಆ ತತ್ತಿ ಹೆಣ್ಣಲ್ಲೇನೋ ಹೂವಪ್ಪ? ಅದರ ಮನ್ಯಾಗ ಆಸ್ತಿ ಎಲ್ಲಾ ಹೆಣ್ಣಿಂದು. ನಮ್ಮನ್ಯಾಗ ಐದು ಮಂದಿ ಹುಟ್ಟೇವಿ, ನೀ ನಾಕು ಬರದೀ. ಬರ್ಲಿ ತಡಿ, ನಾನೂ ಒಂದು ಮಾತು ಕೇಳ್ತೇನಿ,” ಎಂದಳು. ತಾವು ಬರುವ ತೊಂದರೆ ತೆಗೆದುಕೊಳ್ಳುವುದು ಬೇಡ. ಚಕ್ಕಡಿಯನ್ನು ವಾಪಸು ಕರೆಸಿದ್ದೇನೆ. ಈ ಒಂದು ವಿಷಯದಲ್ಲಿ ಅಣ್ಣನಿಗೂ ನನಗೂ ಒಮ್ಮತವಿದೆ.