ಪುಕ್ಕಲನಿಗೊಂದು ಜಂಪ್ ಕ್ಯೂ

ಧೈರ್ಯವಂತರ ಬಾಳಿನಲ್ಲಿ ಸಾಹಸಗಳು ನಡೆಯುತ್ತವೆ. ನನ್ನಂಥವರ ಬಾಳಿನಲ್ಲಿ ಫಜೀತಿಗಳು ನಡೆಯುತ್ತವೆ, ಅದೂ ವಾರಕ್ಕೊಂದು ತಪ್ಪದೆ. ನಾನು ವಿಮೆ ಏಜೆಂಟ್. ಬೆಳಗ್ಗಿನಿಂದ ಸ್ಕೂಟರಿನಲ್ಲಿ ಸುತ್ತಿ, ಮರ ಬಿದ್ದರೆ ಏನು ಗತಿ, ಲಾರಿ ಗುದ್ದಿದರೆ ಏನು ಗತಿ ಎಂದು ಜನರನ್ನು ಹೆದರಿಸುವುದು ನನ್ನ ಉದ್ಯೋಗ. ಅವರು ಯಾರೂ ಹೆದರುವುದಿಲ್ಲ. ಹಾಗೆ ಖರ್ಚಾಗದೆ ಉಳಿದ ಹೆದರಿಕೆಯನ್ನೆಲ್ಲ ಸಂಜೆ ನಾನೇ ಹೊತ್ತುಕೊಂಡು ವಾಪಸಾಗುತ್ತೇನೆ. ಈಗ ನಾನು ಮರದ ನೆರಳಿನಲ್ಲಿ ಸ್ಕೂಟರ್ ನಿಲ್ಲಿಸುವುದಿಲ್ಲ, ಲಿಫ್ಟಿನಲ್ಲಿ ಒಬ್ಬನೇ ಹೋಗುವುದಿಲ್ಲ.

ಈ ಹೆದರಿಕೆ ಕಾಡದ ಒಂದೇ ಒಂದು ಜಾಗ ಉಂಟು. ಮಂಗಳೂರಿನ ಪಡೀಲಿನಲ್ಲಿ ಟಯರ್ ಅಂಗಡಿಯ ಮೇಲಿನ ಮಹಡಿಯ ಪೂಲ್ ಪಾರ್ಲರ್. ಪೂಲ್ ಎಂದರೆ ಬಿಲಿಯರ್ಡ್ಸ್ ಹಾಗೆ ಟೇಬಲಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಆಟ. ಇರುವುದು ಒಂದೇ ಟೇಬಲ್. ಮಾಲೀಕರು ಅರುವತ್ತು ದಾಟಿದ ಬ್ಯಾರಿ ಹಿರಿಯರು, ಬಹಳ ವರ್ಷ ಗಲ್ಫಿನಲ್ಲಿ ದುಡಿದು ಬಂದವರು. ನಾವೆಲ್ಲ ಅವರನ್ನು ಕಾಕ ಎನ್ನುತ್ತೇವೆ. ಸಂಜೆ ಅಲ್ಲಿ ಒಂದು ಗಂಟೆ ಆಡಿದರೆ ನನಗೆ ರಾತ್ರಿ ನಿದ್ದೆ ಬರುತ್ತದೆ, ಇಲ್ಲವಾದರೆ ಇಲ್ಲ.

ಹೋದ ವರ್ಷ ಕಾಕ ಟೇಬಲ್‌ಗೆ ಹೊಸ ಹಸಿರು ಬಟ್ಟೆ ಹಾಕಿಸಿ, ಗೋಡೆಯ ಮೇಲೆ ತಮ್ಮ ಕೈಯಾರೆ ಬರೆದ ಒಂದು ಬೋರ್ಡನ್ನೂ ತೂಗುಹಾಕಿದರು. 'ಟೇಬಲಿನ ಬಟ್ಟೆ ಹರಿದವರು ಮತ್ತೆ ಈ ಮೆಟ್ಟಿಲು ಹತ್ತಬಾರದು, ಯಾರೇ ಆಗಲಿ.' ಅಲ್ಲಿಗೆ ನನ್ನ ನಿದ್ದೆಗೂ ಕುತ್ತು ಬಂತು.

ಯಾಕೆಂದರೆ ಪೂಲ್‌ನಲ್ಲಿ ಬಿಳಿ ಚೆಂಡಿಗೆ ಹೊಡೆದು ಅದನ್ನು ನಮ್ಮ ಚೆಂಡಿಗೆ ತಾಗಿಸಬೇಕು. ನಡುವೆ ಎದುರಾಳಿಯ ಚೆಂಡು ಅಡ್ಡ ಬಂದರೆ, ಕೋಲನ್ನು ಮೇಲಿನಿಂದ ಓರೆಯಾಗಿ ಹಿಡಿದು ಹೊಡೆದು ಬಿಳಿ ಚೆಂಡನ್ನು ಜಿಗಿಸಬೇಕು. ಕೋಲು ಒಂದು ನೂಲಿನಷ್ಟು ತಪ್ಪಿದರೂ ಬಟ್ಟೆ ಹರಿಯುತ್ತದೆ. ನಾನು ಜಿಗಿಸುವುದಿಲ್ಲ ಎನ್ನುವುದು ಊರಿಗೆಲ್ಲ ಗೊತ್ತಾಗಿ, ಎಲ್ಲರೂ ಬಿಳಿ ಚೆಂಡನ್ನು ತಮ್ಮ ಚೆಂಡಿನ ಹಿಂದೆ ಅಡಗಿಸಿಟ್ಟು ನನ್ನನ್ನು ಸೋಲಿಸತೊಡಗಿದರು. ಒಂದೇ ಒಂದು ಸಲ ಚೆಂಡು ಜಿಗಿಸಬೇಕು, ಆದರೆ ಆ ಮೆಟ್ಟಿಲು ಕಳಕೊಳ್ಳಬಾರದು. ನನ್ನ ಆಸೆ ಅಷ್ಟೇ.

೧. ಕೆಳಗಿಳಿದ ಚೆಂಡು

ನನ್ನನ್ನು ಹೆಚ್ಚು ಸೋಲಿಸುತ್ತಿದ್ದವರು ಶಾಲೆಯ ಒಬ್ಬ ಡ್ರಿಲ್ ಮಾಸ್ಟರು. ಒಂದು ಸಂಜೆ ಅವರು ಬಿಳಿ ಚೆಂಡನ್ನು ಅಡಗಿಸಿಟ್ಟು, ಇನ್ನು ನೀವು ಮನೆಗೆ ಹೋಗಿ ಊಟ ಮಾಡಿ ಬನ್ನಿ, ಚೆಂಡು ಎಲ್ಲಿಗೂ ಹೋಗುವುದಿಲ್ಲ ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಪಾರ್ಲರಿನ ಮಾಮೂಲಿ ಉದ್ದ ಕೋಲನ್ನೇ ಎತ್ತಿ, ಕಣ್ಣು ಮುಚ್ಚಿ, ಮೇಲಿನಿಂದ ಹೊಡೆದೆ.

ಚೆಂಡು ಜಿಗಿಯಿತು. ಮಾಸ್ಟರ ಚೆಂಡನ್ನು ದಾಟಿತು, ನನ್ನ ಚೆಂಡನ್ನು ದಾಟಿತು, ಟೇಬಲನ್ನೂ ದಾಟಿ ಬಾಗಿಲಿನಿಂದ ಹೊರಗೆ ಹೋಗಿ ಒಂದೊಂದೇ ಮೆಟ್ಟಿಲು ಟಕ್ ಟಕ್ ಎಂದು ಇಳಿಯತೊಡಗಿತು. ಕಾಕ ಅದರ ಕಡೆ ನೋಡಲೇ ಇಲ್ಲ. ಓಡಿ ಬಂದು ಬಟ್ಟೆಯ ಮೇಲೆ ಕೈ ಆಡಿಸಿದರು, ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ. ಹರಿದಿರಲಿಲ್ಲ.

ಚೆಂಡು ತರಲು ಕೆಳಗಿಳಿದೆ. ಟಯರ್ ಅಂಗಡಿಯವರು ಅದನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಕಡೆಗೇ ನೋಡುತ್ತ ನಿಂತಿದ್ದರು.

"ಉಳಿದ ಹದಿನೈದು ಸಹ ಬರ್ಲಿಕ್ಕೆ ಉಂಟಾ? ಹೇಳಿ ಮಾರಾಯ್ರೆ, ಗಿರಾಕಿಗಳನ್ನು ಒಳಗೆ ಕೂರಿಸ್ತೇನೆ."

೨. ವಾಮಂಜೂರಿನ ಆಚಾರಿ

ಮಾಸ್ಟರಿಗೂ ನನ್ನ ಮೇಲೆ ಕನಿಕರ ಬಂತು. ಉದ್ದ ಕೋಲಿನಲ್ಲಿ ಜಿಗಿಸಲು ಹೋಗಬಾರದು, ಅದಕ್ಕೆಂದೇ ಜಂಪ್ ಕ್ಯೂ ಎಂಬ ಬೇರೆ ಕೋಲು ಸಿಗುತ್ತದೆ, ಅದು ಗಿಡ್ಡ ಇರಬೇಕು, ಹಗುರ ಇರಬೇಕು, ತುದಿ ಮಾತ್ರ ಕಲ್ಲಿನ ಹಾಗೆ ಗಟ್ಟಿ ಇರಬೇಕು ಎಂದು ಹೇಳಿ ಫೋನಿನಲ್ಲಿ ಒಂದನ್ನು ತೋರಿಸಿದರು. ಬೆಲೆ ನೋಡಿ ನಾನು ಫೋನನ್ನು ಮಗುಚಿ ಇಟ್ಟೆ. ಅಗ್ಗದ್ದೊಂದನ್ನು ಹುಡುಕಿ, ಕೊಂಡವರು ಬರೆದದ್ದನ್ನು ಓದಿದೆ. ಒಬ್ಬಾತ, ಮೊದಲ ಹೊಡೆತಕ್ಕೇ ತುದಿ ಹಾರಿ ಹೋಯಿತು, ಇನ್ನೂ ಸಿಕ್ಕಿಲ್ಲ ಎಂದು ಬರೆದಿದ್ದ. ಅದು ಯಾರ ಕಣ್ಣಿಗೆ ಹೋಗಿರಬಹುದು ಎಂಬ ಚಿಂತೆಯಲ್ಲೇ ನನಗೆ ಎರಡು ದಿನ ಕಳೆಯಿತು.

ಆಗ ನೆನಪಾದವರು ವಾಮಂಜೂರಿನಲ್ಲಿ ಗದ್ದೆಯ ಬದಿಯಲ್ಲಿ ಶೆಡ್ಡು ಹಾಕಿಕೊಂಡಿರುವ ನನ್ನ ಪಾಲಿಸಿದಾರ ಆಚಾರಿ. ಮಂಚ, ಬಾಗಿಲು, ಊರುಗೋಲು ಮಾಡುವವರು. ಪೂಲ್ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ವಿವರಿಸಲು ಹೋದರೆ ಆಟ ಆಡುವ ವಯಸ್ಸಾ ನಿಮ್ಮದು ಎಂದು ನಕ್ಕಾರು ಎಂಬ ಹೆದರಿಕೆ ನನಗೆ. ಹಾಗಾಗಿ ಬೇಕಾದಷ್ಟನ್ನು ಮಾತ್ರ ಹೇಳಿದೆ. ಸೊಂಟದಷ್ಟು ಉದ್ದದ ಒಂದು ಕೋಲು ಬೇಕು, ಕೈಯಲ್ಲಿ ಹಗುರ ಇರಬೇಕು, ತುದಿ ಗಟ್ಟಿ ಇರಬೇಕು, ಮೇಲಿನಿಂದ ಕೆಳಗೆ ಹೊಡೆಯಲು, ಒಂದೇ ಪೆಟ್ಟಿಗೆ ಕೆಲಸ ಆಗಬೇಕು. ಯಾರಿಗೂ ಹೇಳಬೇಡಿ ಎಂದೂ ಸೇರಿಸಿದೆ.

ಆಚಾರಿ ಕೈಯಲ್ಲಿದ್ದ ಉಳಿ ಕೆಳಗಿಟ್ಟು ನನ್ನನ್ನೇ ನೋಡಿದರು. ಮನೆಯಲ್ಲಿ ಎಲ್ಲ ಸೌಖ್ಯವಾ ಎಂದು ಕೇಳಿದರು. ಸೌಖ್ಯ ಎಂದೆ. ಜಾಗದ ತಕರಾರು ಏನಾದರೂ ಉಂಟಾ ಎಂದರು. ಇಲ್ಲ ಎಂದೆ. ಆಮೇಲೆ ಕೋಲಿನ ಅಳತೆ ತೆಗೆದರು.

ನಾಲ್ಕು ದಿನ ಬಿಟ್ಟು ಹೋದರೆ ಕೋಲು ಪೇಪರಿನಲ್ಲಿ ಸುತ್ತಿ ಸಿದ್ಧವಾಗಿತ್ತು. ಎಷ್ಟು ನೇರ, ಎಷ್ಟು ಹಗುರ ಎಂದು ಖುಷಿಯಾಗಿ ಬಿಚ್ಚಿ ನೋಡಿದರೆ ತುದಿಗೆ ಊರುಗೋಲಿನ ದಪ್ಪ ರಬ್ಬರ್ ಬುಚ್ಚು. ಇದ್ಯಾಕೆ ಎಂದು ಕೇಳಿದೆ. ಆಚಾರಿ ಹೊರಗೆ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿ ಮೆಲ್ಲಗೆ ಹೇಳಿದರು.

"ಹೊಡೆಯುವುದು ಹೊಡೀರಿ, ನಾನು ಬೇಡ ಅನ್ನುವುದಿಲ್ಲ. ಆದ್ರೆ ಆ ಮನುಷ್ಯ ಬದುಕಲಿ ಮಾರಾಯ್ರೆ. ಪೊಲೀಸರು ಬಂದ್ರೆ ನಿಮ್ಮ ಪಾಲಿಸಿ ನನ್ನನ್ನು ಬಿಡಿಸ್ತದಾ?"

೩. ಬಜಪೆಯಲ್ಲಿ ಕಾದದ್ದು

ರಬ್ಬರ್ ತೆಗೆದರೂ ಅದು ಬರಿಯ ಮರ, ತುದಿ ಗಟ್ಟಿಯಿಲ್ಲ. ಅಷ್ಟರಲ್ಲಿ ಹೆಂಡತಿಯ ತಮ್ಮ ದುಬೈಯಿಂದ ರಜೆಗೆ ಬರುವುದೆಂದಾಯಿತು. ನಮ್ಮ ಕಡೆ ಗಲ್ಫಿನಿಂದ ಬರುವವರಿಗೆ ಮೊದಲೇ ಪಟ್ಟಿ ಕಳಿಸುವುದು ಕ್ರಮ. ಹೆಂಡತಿ ಹಾಲಿನ ಪುಡಿ, ಬಾದಾಮಿ, ಸೋಪು, ಬೆನ್ನುನೋವಿನ ಮುಲಾಮು ಎಂದು ಬರೆದಳು. ನಾನು ಕೊನೆಗೆ, ಒಂದು ಜಂಪ್ ಕ್ಯೂ, ಆದಷ್ಟು ಅಗ್ಗದ್ದು ಎಂದು ಸೇರಿಸಿದೆ. ಹೊರಡುವ ಹಿಂದಿನ ದಿನ ಅವನು ಫೋಟೋ ಕಳಿಸಿದ. ಕಪ್ಪು ಬಣ್ಣದ ಉದ್ದನೆಯ ಪೆಟ್ಟಿಗೆ, ಎರಡು ಬೀಗ.

ನನಗೇ ಅದು ಬಂದೂಕಿನ ಪೆಟ್ಟಿಗೆಯ ಹಾಗೆ ಕಂಡರೆ ಕಸ್ಟಮ್ಸಿನವರಿಗೆ ಹೇಗೆ ಕಂಡೀತು? ಮರುದಿನ ಬಜಪೆಯ ವಿಮಾನ ನಿಲ್ದಾಣದ ಹೊರಗೆ ಕಂಬಿ ಹಿಡಿದು ನಿಂತೆವು. ಅವನ ವಿಮಾನದವರೆಲ್ಲ ಟ್ರಾಲಿ ತಳ್ಳಿಕೊಂಡು ಹೊರಗೆ ಬಂದರು, ಅಪ್ಪಿಕೊಂಡರು, ಅತ್ತರು, ಹೋದರು. ಇವನ ಪತ್ತೆಯಿಲ್ಲ. ಒಂದು ಗಂಟೆ ಕಳೆಯಿತು. ಹೆಂಡತಿ ದೇವರಿಗೆ ಹರಕೆ ಹೇಳಿಕೊಳ್ಳುತ್ತಿದ್ದಳು. ನಾನು, ಈ ವ್ಯಕ್ತಿ ಯಾರೆಂದು ನನಗೆ ಗೊತ್ತಿಲ್ಲ ಎಂಬ ಮಾತನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕೊನೆಗೆ ಬಂದ, ಪೆಟ್ಟಿಗೆ ಸಮೇತ. ನಡೆದದ್ದನ್ನು ಕಾರಿನಲ್ಲಿ ಹೇಳಿದ. ಅಧಿಕಾರಿ ಪೆಟ್ಟಿಗೆ ಬಿಚ್ಚಿಸಿದರಂತೆ. ಕೋಲಿನ ಎರಡು ತುಂಡನ್ನು ತಿರುಗಿಸಿ ಜೋಡಿಸಿ, ಮೇಜಿನ ಮೇಲೆ ಉರುಳಿಸಿ ನೇರ ಉಂಟೇ ನೋಡಿ, ತುದಿಯನ್ನು ಉಗುರಿನಿಂದ ಬಡಿದು, ಇದು ಯಾರಿಗೆ ಎಂದು ಕೇಳಿದರಂತೆ. ಭಾವನಿಗೆ, ಜಂಪ್ ಕ್ಯೂ ಎಂದನಂತೆ ಇವನು. ಅಧಿಕಾರಿಯೂ ಪೂಲ್ ಆಡುವವರೇ. ಇದು ಜಂಪ್ ಕ್ಯೂ ಅಲ್ಲ, ಆಟದ ಆರಂಭದಲ್ಲಿ ಜೋರಾಗಿ ಹೊಡೆದು ಚೆಂಡು ಚದುರಿಸುವ ಬ್ರೇಕ್ ಕ್ಯೂ, ತುದಿ ಗಟ್ಟಿ ಉಂಟು, ಹಿಡಿಯ ಕಡೆ ಭಾರ, ಅಂಗಡಿಯವ ನಿಮಗೆ ಸರಿಯಾಗಿ ಟೋಪಿ ಹಾಕಿದ್ದಾನೆ ಎಂದು ಹೇಳಿ, ಇನ್ನಿಬ್ಬರನ್ನು ಕರೆದು ಅವರಿಗೂ ತೋರಿಸಿದರಂತೆ. ಒಂದು ಗಂಟೆ ತಡವಾದದ್ದು ಅದಕ್ಕೇ.

ಸುಂಕ ಎಷ್ಟು ಕಟ್ಟಬೇಕು ಎಂದು ಇವನು ಕೇಳಿದ್ದಕ್ಕೆ ಅವರು, ಏನೂ ಬೇಡ, ನಿಮ್ಮ ಭಾವನಿಗೆ ಈ ಶಿಕ್ಷೆಯೇ ಸಾಕು ಎಂದು ಕಳಿಸಿಕೊಟ್ಟರಂತೆ.

೪. ಕಾಕ ಕಲಿಸಿದ ಪಾಠ

ಎರಡು ಕೋಲನ್ನೂ ಕಾಕನಿಗೆ ತೋರಿಸಿ ನನ್ನ ಗೋಳು ಹೇಳಿಕೊಂಡೆ. ಕಾಕ ಎರಡನ್ನೂ ತಿರುಗಿಸಿ ನೋಡಿದರು. ದುಬೈಯದ್ದರ ಮುಂದಿನ ತುಂಡಿಗೆ ಗಟ್ಟಿ ತುದಿ ಉಂಟು. ಆಚಾರಿಯದ್ದು ಹಗುರ. ಆಚಾರಿಯ ಕೋಲನ್ನು ಗಿಡ್ಡ ಕತ್ತರಿಸಿ, ಲೇತ್ ಯಂತ್ರದವರಲ್ಲಿ ತೂತು ಕೊರೆಸಿ, ಭಾರದ ಹಿಡಿಯ ಬದಲು ಅದನ್ನೇ ಕೂರಿಸಿದರು. ಅಂತೂ ಬಡವರಿಗೆ ಎಟಕುವ ಜಂಪ್ ಕ್ಯೂ ಒಂದು ತಯಾರಾಯಿತು.

ಆದರೆ ಟೇಬಲ್ ಎದುರು ನಿಂತರೆ ನನ್ನ ಕಣ್ಣು ಬೋರ್ಡಿನ ಮೇಲೆ. ಮೂರು ಸಲ ಕೋಲೆತ್ತಿದೆ, ಮೂರು ಸಲ ಇಳಿಸಿದೆ. ಆ ಮಧ್ಯಾಹ್ನ ಅಲ್ಲಿ ನಾವಿಬ್ಬರೇ ಇದ್ದೆವು.

"ಕೊಡು ಇಲ್ಲಿ. ಹೆದರಿದ್ರೆ ಕೈ ನಡುಗ್ತದೆ, ಕೈ ನಡುಗಿದ್ರೆ ಬಟ್ಟೆ ಹೋಗ್ತದೆ. ಹೀಗೆ, ಮನಸ್ಸಲ್ಲಿ ಎಂತದೂ ಇಲ್ಲದೆ ಹೊಡೀಬೇಕು, ನೋಡು" ಎಂದು ಕಾಕ ಹೊಡೆದರು.

ಪರ್ರೆಂದು ಸದ್ದಾಯಿತು. ಬಟ್ಟೆಯಲ್ಲಿ ಕಿರುಬೆರಳಿನಷ್ಟು ಉದ್ದದ ಹರಕು. ಕಾಕ ಅದರ ಮೇಲೆ ಅಂಗೈ ಇಟ್ಟರು, ಸ್ವಲ್ಪ ಹೊತ್ತು ಬಿಟ್ಟು ತೆಗೆದರು. ಹರಕು ಅಲ್ಲೇ ಇತ್ತು. ಆಮೇಲೆ ಬೋರ್ಡಿನ ಕಡೆ ನೋಡಿದರು. ನನಗೆ ಅಳು ಬಂತು. ಯಾರೂ ನೋಡಿಲ್ಲ ಕಾಕಾ ಎಂದೆ.

"ನಾನು ನೋಡಿದೆನಲ್ಲ."

ಅಷ್ಟು ಹೇಳಿ, ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದರು. ಮತ್ತೆ ಹತ್ತಲಿಲ್ಲ. ಟಯರ್ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಮೆಟ್ಟಿಲ ಬುಡದಲ್ಲಿ ಹಾಕಿ ಕೂತರು. ಮಾಸ್ಟರು, ನಾನು, ಟಯರ್ ಅಂಗಡಿಯವರು ಎಲ್ಲ ಸೇರಿ ಬೇಡಿಕೊಂಡೆವು. ಬೋರ್ಡಿನಲ್ಲಿ ಯಾರೇ ಆಗಲಿ ಎಂದು ಬರೆದದ್ದು ತಮ್ಮದೇ ಅಕ್ಷರ ಎಂದರು ಕಾಕ. ಪಾರ್ಲರನ್ನು ಕೆಳಗಿನಿಂದಲೇ ನಡೆಸಿದರು. ಫ್ಯಾನ್ ಹಾಕು, ಕಿಟಕಿ ಮುಚ್ಚು, ಚಾಕ್ ಡ್ರಾಯರಿನಲ್ಲಿ ಉಂಟು ಎಂದು ಕೂಗುತ್ತಿದ್ದರು. ಹೊಸ ಬಟ್ಟೆ ಬಿಗಿಯಲು ಜನ ಬಂದಾಗ ಅದನ್ನೂ ಫೋನಿನ ವೀಡಿಯೊದಲ್ಲೇ ನೋಡಿ, ಆ ಮೂಲೆ ಸ್ವಲ್ಪ ಸಡಿಲ ಎಂದರು. ನನಗೆ ಮಾತ್ರ ಹತ್ತುವಾಗಲೂ ಇಳಿಯುವಾಗಲೂ ಅವರ ಮುಖ ನೋಡಲು ಹೆದರಿಕೆ. ಹೀಗಾದದ್ದು ನನ್ನಿಂದಾಗಿ ಅಲ್ಲವೇ.

ಹೊಸ ಬಟ್ಟೆಯ ಮೊದಲ ಸಂಜೆ ಮಾಸ್ಟರ ಜೊತೆ ಆಟ. ಅವರು ಎಂದಿನಂತೆ ಬಿಳಿ ಚೆಂಡನ್ನು ಅಡಗಿಸಿಟ್ಟರು. ಮೇಲೆ ಎಂತ ಆಯಿತು ಎಂದು ಕೆಳಗಿನಿಂದ ಪ್ರಶ್ನೆ ಬಂತು. ಇವರು ಸಿಕ್ಕಿಬಿದ್ದರು ಎಂದು ಮಾಸ್ಟರು ಕೂಗಿ ಹೇಳಿದರು. ಎಂದಿನ ಹಾಗೆ ಚೆಂಡನ್ನು ಬದಿಗೆ ತಳ್ಳಿ ನಾನು ಸೋಲಬಹುದಿತ್ತು. ಆದರೆ ಈಗಲೂ ಹೊಡೆಯದಿದ್ದರೆ ಆ ಮನುಷ್ಯ ಕೆಳಗೆ ಕೂತದ್ದು ದಂಡವಾಗುತ್ತದೆ ಅನ್ನಿಸಿತು. ಹೆದರಿಕೆ ಏನೂ ಹೋಗಿರಲಿಲ್ಲ. ಗಿಡ್ಡ ಕೋಲೆತ್ತಿ ಹೊಡೆದೆ.

ಬಿಳಿ ಚೆಂಡು ಜಿಗಿದು, ಮಾಸ್ಟರ ಚೆಂಡು ದಾಟಿ, ನನ್ನದಕ್ಕೆ ತಾಗಿತು. ಅದು ಗುಂಡಿಗೆ ಬಿತ್ತೋ ಇಲ್ಲವೋ ಯಾರೂ ನೋಡಲಿಲ್ಲ. ಎಲ್ಲರೂ ಬಟ್ಟೆಯ ಮೇಲೆ ಬಗ್ಗಿದ್ದೆವು. ಮಾಸ್ಟರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಒಂದು ಗೆರೆಯೂ ಇಲ್ಲ.

"ಹರೀತಾ?" ಎಂದು ಕೆಳಗಿನಿಂದ ಕಾಕನ ಸ್ವರ ಬಂತು.

"ಇಲ್ಲ ಕಾಕಾ" ಎಂದೆ.

ಆಮೇಲೆ ಮೆಲ್ಲಗೆ ಕೇಳಿಸಿತು.

"ಇನ್ನೊಮ್ಮೆ ಸರಿ ನೋಡು ಮಾರಾಯ. ಹರಿದಿದ್ರೆ ನಾಚಿಕೆ ಎಂತ ಬೇಡ. ಇಲ್ಲಿ ನಿನಗೂ ಒಂದು ಕುರ್ಚಿ ತಂದು ಹಾಕಿದ್ದೇನೆ."