ಸೊನ್ನೆ ಮರೆತ ಸ್ಟಿಯರಿಂಗ್

ಮೂರನೇ ಸಲಕ್ಕೆ ಲೈಸೆನ್ಸ್ ಪಡೆದ ಗಂಡ, ಮೊದಲ ಸಲವೇ ಡ್ರೈವಿಂಗ್ ಪರೀಕ್ಷೆಯ ಅಂಗಳದಲ್ಲಿ ಒಂದು ಕಂಬಕ್ಕೂ ತಾಗಿಸದೆ ಕಾರಿನಲ್ಲಿ ‘ಎಚ್’ ಬಿಡಿಸಿ ಲೈಸೆನ್ಸ್ ತಂದ ಹೆಂಡತಿಯ ಕೈಗೆ ಕಾರು ಕೊಡುತ್ತಾನೆಯೇ? ನಾನಂತೂ ಕೊಡಲಿಲ್ಲ. ಕೊಡುವುದಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಆದ್ದರಿಂದ ಕಾರು ನಿಲ್ಲಿಸಿದಾಗಲೆಲ್ಲ ಬಾನೆಟ್ ಎತ್ತಿ ಬ್ಯಾಟರಿಯ ವೈರು ಕಳಚಿಡುತ್ತಿದ್ದೆ. (ಗಲ್ಫಿಗೆ ಹೋದವರ ಮನೆಗಳಲ್ಲಿ ಸುಮ್ಮನೆ ನಿಂತ ಕಾರುಗಳಿಗೆ ಮಾಡುವುದೂ ಇದನ್ನೇ. ನಾನು ಅದನ್ನು ದಾಂಪತ್ಯಕ್ಕೆ ಅಳವಡಿಸಿಕೊಂಡೆ, ಅಷ್ಟೇ.) ಶೋಶಾಮ್ಮ ಕೀ ತಿರುಗಿಸಿದರೆ ಕಾರು ಮೌನ. ನಾನು ಬಾನೆಟ್ಟಿನೊಳಗೆ ತಲೆ ಹಾಕಿ ಬಂದು ತಿರುಗಿಸಿದರೆ ಗರ್ಜನೆ. ಇದಕ್ಕೆಲ್ಲ ಪಳಗಿದ ಕೈ ಬೇಕು ಎಂದು ಹೇಳಿಕೊಳ್ಳುತ್ತಿದ್ದೆ.

ಹೀಗೆ ಮೂರು ತಿಂಗಳು ನಡೆದ ಮೇಲೆ ಸ್ಟಿಯರಿಂಗಿನ ಮುಂದೆ ಎರಡು ಹಳದಿ ದೀಪ ಹತ್ತಿದವು. ಆರಲೇ ಇಲ್ಲ. ಮಸ್ಕತ್ತಿನಲ್ಲಿ ಇಪ್ಪತ್ತು ವರ್ಷ ವರ್ಕ್‌ಶಾಪ್ ನಡೆಸಿ ಬಂದ ಅವಳಣ್ಣ ಈಪ್ಪಚ್ಚನ್ ದೋಷ ಓದುವ ತನ್ನ ಸ್ಕ್ಯಾನರನ್ನು ಕಾರಿಗೆ ಚುಚ್ಚಿ ನೋಡಿ, ಸ್ಟಿಯರಿಂಗ್ ಎಷ್ಟು ತಿರುಗಿತೆಂದು ಅಳೆಯುವ ಸೆನ್ಸರ್ ಸತ್ತಿದೆ, ಬದಲಾಯಿಸಬೇಕು ಎಂದು ತೀರ್ಪಿತ್ತ. ಸತ್ತಿಲ್ಲ ಎಂದೆ ನಾನು. ಶೋಶಾಮ್ಮ ಪಂದ್ಯ ಕಟ್ಟಿದಳು: ರೋಗ ಕಂಡುಹಿಡಿದರೆ ಕೀ ನನ್ನ ಬಳಿಯೇ, ಇಲ್ಲವಾದರೆ ಅವಳಿಗೆ.

ರಣರಂಗಕ್ಕೆ ಇಳಿದೆ. ಚಕ್ರ ನೇರ ನಿಲ್ಲಿಸಿದರೂ ಸ್ಕ್ಯಾನರ್ ಎಡಕ್ಕೆ ಇಪ್ಪತ್ತಮೂರು ಡಿಗ್ರಿ ಎನ್ನುತ್ತಿತ್ತು. ಸ್ಟಿಯರಿಂಗನ್ನು ಮೆಲ್ಲಗೆ ತಿರುಗಿಸಿದೆ. ಅಂಕಿ ಎಲ್ಲಿಯೂ ಜಿಗಿಯದೆ, ತಡವರಿಸದೆ ಜೊತೆಗೇ ತಿರುಗಿತು. ಸತ್ತದ್ದು ಹೀಗೆ ಹೆಜ್ಜೆ ಹಾಕುತ್ತದೆಯೇ?

"ಭಾವ, ಸೆನ್ಸರ್ ಗಟ್ಟಿಮುಟ್ಟಾಗಿದೆ. ಸೊನ್ನೆ ಎಲ್ಲಿ ಅನ್ನೋದನ್ನ ಮರೆತಿದೆ, ಅಷ್ಟೇ."

ಈಪ್ಪಚ್ಚನ್ ಸ್ಕ್ಯಾನರನ್ನು ಎರಡು ಸಲ ನೋಡಿ, ನಾನು ಹೇಳಿದ್ದೇ ಸರಿ ಎಂದು ಒಪ್ಪಿದ. ಮಸ್ಕತ್ ನನ್ನ ಕಾಲಬುಡದಲ್ಲಿತ್ತು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ನಾನು ಇಂದಿಗೂ ಚಕ್ರವರ್ತಿ. ಆದರೆ ಅವನು, ಯಾಕೆ ಮರೀತು ಎಂದು ಕೇಳಿದ. ವಿಜಯದ ಅಮಲಿನಲ್ಲಿದ್ದ ಪಂಡಿತನನ್ನು ಹಾಗೆ ಕೇಳಬಾರದು.

"ಬ್ಯಾಟರಿ ವೈರು ಮತ್ತೆ ಮತ್ತೆ ಕಳಚಿದ್ರೆ ಪಾಪ, ಅದು ನೆನಪಿಟ್ಕೊಳ್ಳೋದು ಹೇಗೆ?"

ಈಪ್ಪಚ್ಚನ್ ಸ್ಕ್ಯಾನರಿನಿಂದ ತಲೆ ಎತ್ತಿ ತಂಗಿಯತ್ತ ನೋಡಿದ.

"ಯಾರು ಕಳಚ್ತಾ ಇದ್ರು, ಇಚ್ಚಾಯ?" ಎಂದು ನನ್ನನ್ನು ಕೇಳಿದಳು ಶೋಶಾಮ್ಮ, ತೀರಾ ಮೃದುವಾಗಿ.

ನಾನು ತುರ್ತಾಗಿ ಚಿಕಿತ್ಸೆಗೆ ಹಾರಿದೆ. ಸ್ಟಿಯರಿಂಗನ್ನು ಎಡತುದಿಗೂ ಬಲತುದಿಗೂ ತಿರುಗಿಸಬೇಕು. ಆಮೇಲೆ ನೆಟ್ಟಗಿನ ರಸ್ತೆಯಲ್ಲಿ ಒಬ್ಬರು ಓಡಿಸಬೇಕು, ಪಕ್ಕದಲ್ಲಿ ಕೂತು ಇನ್ನೊಬ್ಬರು ಅಂಕಿ ಓದಬೇಕು. ಓಡಿಸುವುದು ಯಾರಾದರೂ ಮಾಡುವ ಕೆಲಸ, ಓದುವುದಕ್ಕೇ ತಲೆ ಬೇಕು ಎಂದು ನನ್ನ ಪಾಂಡಿತ್ಯಕ್ಕೆ ಇನ್ನೊಂದು ಗರಿ ಸಿಕ್ಕಿಸಿಕೊಂಡೆ.

"ಸರಿ," ಎಂದು ಅವಳು ಕೈ ಚಾಚಿದಳು. "ತಲೆ ಇರೋರು ಆ ಕಡೆ ಕೂತ್ಕೊಳ್ಳಿ. ಕೀ ನಿಮ್ಮದೇ, ಸದ್ಯಕ್ಕೆ ಇಲ್ಲಿ ಕೊಡಿ."

ನಮ್ಮ ಚಂಗನಾಶೇರಿಯಿಂದ ಕಡಲ ದಂಡೆಯ ಆಲಪ್ಪುಳಕ್ಕೆ ಗದ್ದೆಗಳ ನಡುವೆ ದಾರ ಹಿಡಿದು ಎಳೆದಂತಹ ರಸ್ತೆ. ಎರಡನೇ ಮೈಲಿಯಲ್ಲೇ ಅಂಕಿ ಸೊನ್ನೆಗೆ ಬಂತು. ಎರಡೂ ದೀಪ ಆರಿದವು. ಹಿಂದಿನ ಸೀಟಿನಲ್ಲಿ ಈಪ್ಪಚ್ಚನ್ ಚಪ್ಪಾಳೆ ತಟ್ಟಿದ. ಇನ್ನು ಕಾರನ್ನು ಮನೆ ಕಡೆ ತಿರುಗಿಸಬಹುದು ಎಂದೆ.

"ಸೊನ್ನೆ ಅಲ್ಲೇ ನಿಲ್ತದಾ ನೋಡ್ಬೇಡ್ವಾ? ಓದ್ತಾ ಇರಿ," ಎಂದಳು ಶೋಶಾಮ್ಮ, ಗೇರ್ ಏರಿಸುತ್ತ.

ಪಂದ್ಯ ಗೆದ್ದವನು ನಾನೇ, ಅದರಲ್ಲಿ ಯಾರಿಗೂ ಸಂಶಯವಿಲ್ಲ. ಆಲಪ್ಪುಳದ ಕಡಲು ಕಾಣುವವರೆಗೂ ಸೊನ್ನೆ, ಸೊನ್ನೆ, ಸೊನ್ನೆ ಎಂದು ನನ್ನ ವಿಜಯವನ್ನು ಗಟ್ಟಿಯಾಗಿ ಓದುತ್ತ ಹೋದೆ.